ಮಕ್ಕಳ ನೆಫ್ರೋಟಿಕ್ ಸಿಂಡ್ರೋಮ್: ಸ್ಟೀರಾಯ್ಡ್ ಒಂದೇ ಸಾಲದಾದಾಗ ಯಾವ ಔಷಧಿ?

ಬೆಳಗ್ಗೆ ಎದ್ದ ಕೂಡಲೇ ಮಗನ ಮೊದಲ ಮೂತ್ರವನ್ನು ಗಾಜಿನ ಕೊಳವೆಗೆ ಹಿಡಿಯಬೇಕು. ಅದಕ್ಕೆ ಸಲ್ಫೋಸ್ಯಾಲಿಸಿಲಿಕ್ ಆಸಿಡ್ ಕೆಲವು ಹನಿ ಬಿಡಬೇಕು. ಕೊಳವೆಯ ಹಿಂದೆ ಪೇಪರ್ ಹಿಡಿದು ಅಕ್ಷರ ಓದಲು ಬರುತ್ತದಾ ಅಂತ ನೋಡಬೇಕು. ಸಲೀಸಾಗಿ ಓದಿದರೆ ಪ್ರೋಟೀನ್ ನಿಲ್ ಅಥವಾ ಟ್ರೇಸ್, ಅಂದರೆ ಇಲ್ಲ ಇಲ್ಲವೇ ತೀರಾ ಸ್ವಲ್ಪ. ಮಸುಕಾದರೂ ಓದಬಹುದು ಅಂದರೆ ಒಂದು ಪ್ಲಸ್. ಏನೋ ಕಪ್ಪು ಗೆರೆ ಇದೆ ಅಂತ ಮಾತ್ರ ಗೊತ್ತಾದರೆ ಎರಡು. ಒಡೆದ ಹಾಲಿನ ಹಾಗೆ ಬೆಳ್ಳಗಾಗಿ ಹಿಂದಿನದು ಏನೂ ಕಾಣದಿದ್ದರೆ ಮೂರು ಪ್ಲಸ್. ಆರು ವರ್ಷ ನಮ್ಮ ಮನೆಯಲ್ಲಿ ದಿನ ಶುರುವಾಗಿದ್ದೇ ಹೀಗೆ. ಕಾಫಿ ಆಮೇಲೆ.

ಈ ಲೇಖನ ಅಂಥದ್ದೇ ಮನೆಗಳಿಗೆ. ಮಗುವಿಗೆ ನೆಫ್ರೋಟಿಕ್ ಸಿಂಡ್ರೋಮ್ ಅಂತ ಗೊತ್ತಾಗಿ, ಸ್ಟೀರಾಯ್ಡ್ ಶುರುವಾಗಿ, ಅದು ಸಾಕಾಗುತ್ತಿಲ್ಲ ಎಂದು ಡಾಕ್ಟರ್ ಹೇಳಿದ ಮೇಲೆ ಮುಂದೇನು ಎಂದು ತಲೆ ಕೆಡಿಸಿಕೊಂಡಿರುವ ಅಪ್ಪ ಅಮ್ಮಂದಿರಿಗೆ. ಔಷಧಿ ಬರೆಯುವವರು ಡಾಕ್ಟರೇ, ಡೋಸ್ ತೀರ್ಮಾನಿಸುವವರೂ ಅವರೇ. ಆದರೆ ಎರಡು ಮೂರು ದಾರಿ ಇದ್ದಾಗ ಅವರು ನಿಮ್ಮನ್ನೂ ಕೇಳುತ್ತಾರೆ. ಆ ಹೊತ್ತಿಗೆ ಸುಮ್ನೆ ತಲೆಯಾಡಿಸಿ ಬರಬಾರದು ಎನ್ನುವುದೇ ನನ್ನ ಆಸೆ. ನಾನು ಮೊದಲ ಎರಡು ವರ್ಷ ಹಾಗೇ ತಲೆಯಾಡಿಸಿ ಬಂದವಳು.

ಮೊದಲು ನಿಮ್ಮ ಮಗು ಯಾವ ಗುಂಪಿನದು ಅಂತ ತಿಳಿದುಕೊಳ್ಳಿ

"ಯಾವ ಔಷಧಿ ಒಳ್ಳೆಯದು?" ಎಂದು ನೇರವಾಗಿ ಕೇಳಿದರೆ ಉತ್ತರ ಸಿಗುವುದಿಲ್ಲ. ಒಂದು ಗುಂಪಿನ ಮಗುವಿಗೆ ವರದಂತಾದ ಔಷಧಿ ಇನ್ನೊಂದು ಗುಂಪಿನ ಮಗುವಿಗೆ ಬರೀ ತೊಂದರೆ ಕೊಡಬಹುದು.

ಕಿಡ್ನಿಯ ಜರಡಿ ಸಡಿಲವಾಗಿ, ರಕ್ತದ ಪ್ರೋಟೀನ್ ಮೂತ್ರದಲ್ಲಿ ಸೋರಿಹೋಗುವುದು ಈ ಕಾಯಿಲೆ. ಅದಕ್ಕೇ ಬೆಳಗ್ಗೆ ಕಣ್ಣಿನ ಸುತ್ತ ಬಾವು, ಮೂತ್ರದಲ್ಲಿ ನೊರೆ. ಜಾಸ್ತಿ ಕಾಣುವುದು 2ರಿಂದ 6 ವರ್ಷದ ಒಳಗಿನ ಮಕ್ಕಳಲ್ಲಿ. ಮೊದಲ ಸಲಕ್ಕೆ ಎಲ್ಲರಿಗೂ ಕೊಡುವುದು ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್. ಭಾರತದ ಮಕ್ಕಳ ಕಿಡ್ನಿ ತಜ್ಞರ ಸಂಘ 2021ರಲ್ಲಿ ಹೊರತಂದ ಮಾರ್ಗಸೂಚಿಯಂತೆ 6 ವಾರ ದಿನವೂ, ಮತ್ತೆ 6 ವಾರ ದಿನ ಬಿಟ್ಟು ದಿನ. ನೂರಕ್ಕೆ 85ರಿಂದ 90 ಮಕ್ಕಳಲ್ಲಿ ಇಷ್ಟಕ್ಕೇ ಪ್ರೋಟೀನ್ ಸೋರುವುದು ನಿಲ್ಲುತ್ತದೆ. ತೊಂದರೆ ಶುರುವಾಗುವುದು ಆಮೇಲೆ. ಅಲ್ಲಿಂದ ಮೂರು ದಾರಿ ಒಡೆಯುತ್ತವೆ.

ಒಂದು, ಸ್ಟೀರಾಯ್ಡ್‌ಗೆ ಬಗ್ಗುತ್ತದೆ, ಆದರೆ ವರ್ಷದಲ್ಲಿ ಹಲವು ಸಲ ಮರುಕಳಿಸುತ್ತದೆ. ಮೂರು ದಿನ ಸತತವಾಗಿ ಮೂರು ಪ್ಲಸ್ ಬಂದರೆ ಅದು ರಿಲ್ಯಾಪ್ಸ್. ಎರಡು, ಸ್ಟೀರಾಯ್ಡ್ ಇಳಿಸುತ್ತಿರುವಾಗಲೇ, ಇಲ್ಲವೇ ನಿಲ್ಲಿಸಿ 14 ದಿನದೊಳಗೆ ಮತ್ತೆ ಬರುತ್ತದೆ. ಎರಡು ಸಲ ಬೆನ್ನು ಬೆನ್ನಿಗೆ ಹೀಗಾದರೆ ಡಾಕ್ಟರ್ ಚೀಟಿಯಲ್ಲಿ 'ಸ್ಟೀರಾಯ್ಡ್ ಡಿಪೆಂಡೆಂಟ್' ಎಂದು ಬರೆಯುತ್ತಾರೆ. ಮೂರು, 6 ವಾರ ದಿನವೂ ಕೊಟ್ಟರೂ ಪ್ರೋಟೀನ್ ನಿಲ್ಲುವುದೇ ಇಲ್ಲ. ಇದು 'ಸ್ಟೀರಾಯ್ಡ್ ರೆಸಿಸ್ಟೆಂಟ್'.

ಮೊದಲೆರಡು ಗುಂಪಿನಲ್ಲಿ ಕಾಯಿಲೆಗಿಂತ ಸ್ಟೀರಾಯ್ಡೇ ಮಗುವನ್ನು ಜಾಸ್ತಿ ಹಿಂಡುತ್ತದೆ. ಮುಖ ಊದುತ್ತದೆ, ಎತ್ತರ ನಿಲ್ಲುತ್ತದೆ, ಬಿಪಿ ಏರುತ್ತದೆ, ಕಣ್ಣಿಗೆ ಪೊರೆ ಬರಬಹುದು. ಕಿಡ್ನಿ ಮಾತ್ರ ಸಾಮಾನ್ಯವಾಗಿ ಗಟ್ಟಿಯಾಗೇ ಇರುತ್ತದೆ. ಹಾಗಾಗಿ ಅಲ್ಲಿ ಹುಡುಕುವುದು ಸ್ಟೀರಾಯ್ಡ್ ಕಡಿಮೆ ಮಾಡಿಸುವ ಔಷಧಿ. ಮೂರನೇ ಗುಂಪಿನಲ್ಲಿ ಕಿಡ್ನಿಯೇ ಅಪಾಯದಲ್ಲಿರುತ್ತದೆ. ಅಲ್ಲಿ ಹುಡುಕುವುದು ಕಿಡ್ನಿ ಉಳಿಸುವ ಔಷಧಿ. ಗುರಿ ಬೇರೆಯಾದ ಮೇಲೆ ಲೆಕ್ಕವೂ ಬೇರೆ.

ಔಷಧಿ ಬದಲಿಸುವ ಮುಂಚೆ ಒಂದು ವಿಷಯ. ಸ್ಟೀರಾಯ್ಡ್ ಕೆಲಸ ಮಾಡುತ್ತಿಲ್ಲ ಎಂದು ತೀರ್ಮಾನಿಸುವ ಮೊದಲು, ಮಗು ಅದನ್ನು ನಿಜವಾಗಿ ನುಂಗುತ್ತಿದೆಯಾ ನೋಡಿ. ನುಂಗಿದ ಅರ್ಧ ಗಂಟೆಯಲ್ಲಿ ವಾಂತಿ ಆಗುತ್ತಿದೆಯಾ? ಎಲ್ಲಾದರೂ ಸೋಂಕು ಅಡಗಿದೆಯಾ? ಮೂತ್ರದ ಸೋಂಕು, ಹುಳುಕು ಹಲ್ಲು, ಟಿಬಿ ಇವೆಲ್ಲ ಒಳಗೆ ಕೂತು ಔಷಧಿಯನ್ನು ಸೋಲಿಸಬಲ್ಲವು.

ಪದೇ ಪದೇ ಮರುಕಳಿಸಿದರೆ: ಲೆವಮಿಸೋಲ್, ಎಂಎಂಎಫ್, ಸೈಕ್ಲೋಫಾಸ್ಫಮೈಡ್

ಕೆಲವು ಮಕ್ಕಳಿಗೆ ಹೊಸ ಔಷಧಿಯೇ ಬೇಡ. ದಿನ ಬಿಟ್ಟು ದಿನ ಕಡಿಮೆ ಡೋಸಿನ ಪ್ರೆಡ್ನಿಸೋಲೋನ್ ಆರು ತಿಂಗಳಿಂದ ಒಂದು ವರ್ಷ ಕೊಟ್ಟರೆ ಸಾಕಾಗುತ್ತದೆ. ಮಗು ಎತ್ತರ ಬೆಳೆಯುತ್ತಿದ್ದರೆ, ಬಿಪಿ ಸರಿಯಿದ್ದರೆ, ಇದನ್ನು ಬೇಗ ಕೈಬಿಡಬೇಡಿ. ಅದಕ್ಕೂ ಬಗ್ಗದಿದ್ದರೆ ಮುಂದಿನ ಮೆಟ್ಟಿಲು ಸಾಮಾನ್ಯವಾಗಿ ಲೆವಮಿಸೋಲ್ ಅಥವಾ ಎಂಎಂಎಫ್.

ಲೆವಮಿಸೋಲ್ ಮೂಲತಃ ಹುಳದ ಔಷಧಿ. ದನ ಕುರಿಗೆ ಜಂತುಹುಳಕ್ಕೆ ಕೊಡುತ್ತಿದ್ದದ್ದು. ಇದನ್ನು ಕೇಳಿ ನನ್ನ ಅತ್ತೆ ಗಾಬರಿಯಾಗಿದ್ದರು. ಗಾಬರಿ ಬೇಡ. ದಿನ ಬಿಟ್ಟು ದಿನ ಒಂದು ಮಾತ್ರೆ, ಬೆಲೆ ಕಡಿಮೆ, ಬಹಳ ಮಕ್ಕಳಿಗೆ ಚೆನ್ನಾಗಿ ಒಗ್ಗುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ರಕ್ತದ ಬಿಳಿಕಣ ಎಣಿಸಬೇಕು, ಏಕೆಂದರೆ ಅವು ಇಳಿಯಬಹುದು. ಚರ್ಮದಲ್ಲಿ ದದ್ದು, ಕೀಲುನೋವು ಬಂದರೆ ತಕ್ಷಣ ಹೇಳಬೇಕು. ಅಪರೂಪಕ್ಕೆ ರಕ್ತನಾಳಗಳ ಉರಿಯೂತ ಆಗುತ್ತದೆ. ಇದರ ಇನ್ನೊಂದು ಗುಣ ನಿಧಾನ. ಒಂದೆರಡು ತಿಂಗಳಿಗೆ ಫಲ ಕಾಣಲಿಲ್ಲ ಎಂದು ಬಿಡುವ ಔಷಧಿಯಲ್ಲ.

ಎಂಎಂಎಫ್ ಅಂದರೆ ಮೈಕೋಫೆನೊಲೇಟ್ ಮೊಫೆಟಿಲ್. ದಿನಕ್ಕೆ ಎರಡು ಸಲ. ಮುಖ್ಯ ತಕರಾರು ಹೊಟ್ಟೆಯದು: ನೋವು, ಭೇದಿ, ವಾಕರಿಕೆ. ಸ್ವಲ್ಪ ಸ್ವಲ್ಪವಾಗಿ ಡೋಸ್ ಏರಿಸಿದರೆ ಬಹಳ ಮಕ್ಕಳು ತಡೆದುಕೊಳ್ಳುತ್ತಾರೆ. ಕಿಡ್ನಿಗೆ ಇದರಿಂದ ಏಟು ಇಲ್ಲ, ಅದು ದೊಡ್ಡ ಸಮಾಧಾನ. ದೊಡ್ಡವಳಾಗುತ್ತಿರುವ ಹೆಣ್ಣುಮಗು ಇದ್ದರೆ ಒಂದು ಮಾತು ನೆನಪಿರಲಿ: ಗರ್ಭದಲ್ಲಿರುವ ಮಗುವಿಗೆ ಇದು ಹಾನಿ ಮಾಡುತ್ತದೆ. ಹದಿನಾರು ಹದಿನೇಳರ ಹುಡುಗಿಗೆ ಈ ವಿಷಯ ನಾಚಿಕೆ ಬಿಟ್ಟು ತಿಳಿಸಬೇಕು.

ಇವೆರಡರಲ್ಲಿ ಯಾವುದು? ದೆಹಲಿಯ ಏಮ್ಸ್‌ನಲ್ಲಿ 149 ಮಕ್ಕಳ ಮೇಲೆ ಇದೇ ಪ್ರಶ್ನೆ ಇಟ್ಟುಕೊಂಡು ಪ್ರಯೋಗ ಮಾಡಿದರು. ಅರ್ಧ ಮಕ್ಕಳಿಗೆ ಲೆವಮಿಸೋಲ್, ಅರ್ಧ ಮಕ್ಕಳಿಗೆ ಎಂಎಂಎಫ್, ಒಂದು ವರ್ಷ. ಫಲಿತಾಂಶ 2019ರಲ್ಲಿ ಬಂತು. ಎಂಎಂಎಫ್ ಮೇಲು ಎಂದು ತೋರಿಸಲು ಆಗಲಿಲ್ಲ. ಹೀಗಿರುವಾಗ ಬೆಲೆ ಕಡಿಮೆಯ ಲೆವಮಿಸೋಲ್‌ನಿಂದ ಶುರು ಮಾಡೋಣ ಎಂದು ಡಾಕ್ಟರ್ ಹೇಳಿದರೆ, ಅದು ಬಡವರ ಔಷಧಿ ಎಂದು ಬೇಸರ ಮಾಡಿಕೊಳ್ಳಬೇಡಿ. ಮರುಕಳಿಸುವುದು ತೀರಾ ಜಾಸ್ತಿ ಇದ್ದು, ಸ್ಟೀರಾಯ್ಡ್ ಡೋಸ್ ಕೂಡ ಮೇಲೇ ಇದ್ದರೆ ಎಂಎಂಎಫ್ ಕಡೆ ವಾಲುವುದೂ ಸರಿಯೇ.

ಸೈಕ್ಲೋಫಾಸ್ಫಮೈಡ್ ಬೇರೆ ಜಾತಿ. ಕ್ಯಾನ್ಸರ್‌ಗೂ ಬಳಸುವ ಔಷಧಿ. ಇದರ ದೊಡ್ಡ ಗುಣ, 8ರಿಂದ 12 ವಾರದಲ್ಲಿ ಮುಗಿದುಹೋಗುತ್ತದೆ. ವರ್ಷಗಟ್ಟಲೆ ನುಂಗಬೇಕಿಲ್ಲ, ಬೆಲೆಯೂ ಕಡಿಮೆ. ಆಮೇಲೆ ಒಂದೆರಡು ವರ್ಷ ನೆಮ್ಮದಿ ಸಿಕ್ಕ ಮಕ್ಕಳಿದ್ದಾರೆ. ದೊಡ್ಡ ದೋಷ, ಒಟ್ಟು ಡೋಸ್ ಒಂದು ಮಿತಿ ದಾಟಿದರೆ ಮುಂದೆ ಮಕ್ಕಳಾಗುವ ಶಕ್ತಿಗೆ ಏಟು ಬೀಳಬಹುದು, ಅದರಲ್ಲೂ ಗಂಡುಮಕ್ಕಳಿಗೆ. ಅದಕ್ಕೇ ಜೀವನದಲ್ಲಿ ಒಂದೇ ಸುತ್ತು. ಹಿಂದೆ ಬೇರೆ ಊರಲ್ಲಿ ಒಂದು ಸುತ್ತು ಆಗಿದ್ದರೆ ಹೊಸ ಡಾಕ್ಟರಿಗೆ ಹೇಳಲೇಬೇಕು. ಆ ಹಳೆಯ ಚೀಟಿ ಎಸೆಯಬೇಡಿ. ಕೊಡುವ ದಿನಗಳಲ್ಲಿ ಎರಡು ವಾರಕ್ಕೊಮ್ಮೆ ರಕ್ತಪರೀಕ್ಷೆ, ಚೆನ್ನಾಗಿ ನೀರು ಕುಡಿಸಿ ಮತ್ತೆ ಮತ್ತೆ ಮೂತ್ರಕ್ಕೆ ಕಳಿಸುವುದು. ಕೂದಲು ಉದುರಿದರೂ ಮತ್ತೆ ಬರುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಆಸ್ಪತ್ರೆಗೆ ವರ್ಷವಿಡೀ ಓಡಾಡಲು ಆಗದ, ಇನ್ನೂ ದೊಡ್ಡವರಾಗುವ ವಯಸ್ಸಿಗೆ ಬಾರದ ಮಕ್ಕಳ ಮನೆಗೆ ಇದು ಯೋಚಿಸಬೇಕಾದ ದಾರಿ.

ಟ್ಯಾಕ್ರೋಲಿಮಸ್ ಮತ್ತು ಸೈಕ್ಲೋಸ್ಪೋರಿನ್: ಬಲ ಜಾಸ್ತಿ, ಕಾವಲೂ ಜಾಸ್ತಿ

ಮೇಲಿನವು ಸೋತಾಗ, ಅಥವಾ ಮಗು ಸ್ಟೀರಾಯ್ಡ್ ರೆಸಿಸ್ಟೆಂಟ್ ಆಗಿದ್ದಾಗ, ಈ ಜೋಡಿ ಬರುತ್ತದೆ. ಎರಡೂ ಮಣ್ಣಿನಿಂದ ಬಂದ ಔಷಧಿಗಳು. ಸೈಕ್ಲೋಸ್ಪೋರಿನ್ ಸಿಕ್ಕಿದ್ದು ನಾರ್ವೆಯ ಮಣ್ಣಿನ ಒಂದು ಬೂಷ್ಟಿನಲ್ಲಿ, ಟ್ಯಾಕ್ರೋಲಿಮಸ್ 1984ರಲ್ಲಿ ಜಪಾನಿನ ತ್ಸುಕುಬಾ ಬೆಟ್ಟದ ಮಣ್ಣಿನ ಜೀವಾಣುವಿನಲ್ಲಿ. ಕಿಡ್ನಿ ಕಸಿ ಆದವರಿಗೆ ಕೊಡುವುದೂ ಇವನ್ನೇ.

ಎರಡರ ಬಲವೂ ಹತ್ತಿರ ಹತ್ತಿರ. ಏಮ್ಸ್‌ನಲ್ಲಿ ಸ್ಟೀರಾಯ್ಡ್ ರೆಸಿಸ್ಟೆಂಟ್ ಇರುವ 41 ಮಕ್ಕಳಲ್ಲಿ ಹೋಲಿಸಿ 2009ರಲ್ಲಿ ಪ್ರಕಟಿಸಿದಾಗ, ಆರು ತಿಂಗಳಿಗೆ ಟ್ಯಾಕ್ರೋಲಿಮಸ್ ಗುಂಪಿನಲ್ಲಿ ನೂರಕ್ಕೆ 86, ಸೈಕ್ಲೋಸ್ಪೋರಿನ್ ಗುಂಪಿನಲ್ಲಿ 75 ಮಕ್ಕಳಿಗೆ ಗುಣ ಕಂಡಿತ್ತು. ಇಷ್ಟು ಚಿಕ್ಕ ಗುಂಪಿನಲ್ಲಿ ಅದು ದೊಡ್ಡ ಅಂತರವಲ್ಲ. ಆದರೆ ಸೈಕ್ಲೋಸ್ಪೋರಿನ್ ತೆಗೆದುಕೊಂಡವರಿಗೆ ಮತ್ತೆ ಮರುಕಳಿಸಿದ್ದು ಜಾಸ್ತಿ. ಜೊತೆಗೆ ಸೈಕ್ಲೋಸ್ಪೋರಿನ್ ಮೈಮೇಲೆ ಕೂದಲು ಬೆಳೆಸುತ್ತದೆ, ಒಸಡು ಊದಿಸುತ್ತದೆ. ಹತ್ತು ವರ್ಷದ ಹುಡುಗಿಯ ಮೀಸೆ ಬೆಳೆಯುವುದು ಸಣ್ಣ ವಿಷಯವಲ್ಲ. ಆ ಮುಜುಗರಕ್ಕೇ ಮಾತ್ರೆ ಬಚ್ಚಿಟ್ಟು ಎಸೆದ ಮಕ್ಕಳನ್ನು ನಾನೇ ನೋಡಿದ್ದೇನೆ. ಟ್ಯಾಕ್ರೋಲಿಮಸ್‌ನಲ್ಲಿ ಈ ಕಾಟ ಇಲ್ಲ. ಬದಲಿಗೆ ಕೈ ನಡುಕ, ಭೇದಿ, ಸಕ್ಕರೆ ಏರುವುದು ಇರಬಹುದು. ಮನೆಯಲ್ಲಿ ಡಯಾಬಿಟಿಸ್ ಇದ್ದರೆ ಮೊದಲೇ ಹೇಳಿ. ಬಿಪಿ ಏರಿಸುವುದು ಮತ್ತು ಕಿಡ್ನಿಗೇ ನಿಧಾನಕ್ಕೆ ಏಟು ಕೊಡುವುದು ಎರಡರದ್ದೂ ದೋಷ. ಎರಡು ಮೂರು ವರ್ಷ ದಾಟಿದರೆ ಬಯಾಪ್ಸಿ ಮಾಡಿ, ಅಂದರೆ ಕಿಡ್ನಿಯ ಸಣ್ಣ ಚೂರು ತೆಗೆದು, ಅದರ ಸ್ಥಿತಿ ನೋಡೋಣ ಎಂದು ಡಾಕ್ಟರ್ ಹೇಳುವುದು ಇದಕ್ಕೇ.

ಈ ಔಷಧಿಯ ಜೊತೆ ಬದುಕುವುದು ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಡವುವುದು ಇಲ್ಲೇ.

ಬೆಳಗ್ಗೆ 8ಕ್ಕೆ, ರಾತ್ರಿ 8ಕ್ಕೆ ಅಂದರೆ ಅದೇ ಹೊತ್ತಿಗೆ. ರಕ್ತದಲ್ಲಿ ಔಷಧಿ ಎಷ್ಟಿದೆ ಅಂತ ನೋಡುವ 'ಟ್ರಫ್ ಲೆವೆಲ್' ಪರೀಕ್ಷೆ ಇರುತ್ತದೆ. ಅದಕ್ಕೆ ರಕ್ತ ಕೊಡುವುದು ಬೆಳಗಿನ ಮಾತ್ರೆ ನುಂಗುವ ಮುಂಚೆ, ಹಿಂದಿನ ರಾತ್ರಿಯ ಮಾತ್ರೆಯಾಗಿ 12 ಗಂಟೆ ಆದ ಮೇಲೆ. ನುಂಗಿಸಿಕೊಂಡು ಹೋದರೆ ಲೆವೆಲ್ ಸುಮ್ನೆ ಜಾಸ್ತಿ ತೋರಿಸುತ್ತದೆ, ಡಾಕ್ಟರ್ ಡೋಸ್ ಇಳಿಸುತ್ತಾರೆ, ಮುಂದಿನ ತಿಂಗಳು ಪ್ರೋಟೀನ್ ಹೋಗುತ್ತದೆ. ಮಾತ್ರೆ ಡಬ್ಬಿ ಬ್ಯಾಗಿನಲ್ಲಿಟ್ಟುಕೊಂಡು ಹೋಗಿ, ಲ್ಯಾಬ್ ಮುಂದೆಯೇ ನುಂಗಿಸಿ.

ಕೆಮ್ಮಿಗೆ ಕೊಡುವ ಎರಿಥ್ರೋಮೈಸಿನ್, ಕ್ಲಾರಿಥ್ರೋಮೈಸಿನ್, ಫಂಗಸ್‌ಗೆ ಕೊಡುವ ಫ್ಲೂಕೊನಜೋಲ್ ಲೆವೆಲ್ ಏರಿಸುತ್ತವೆ. ಟಿಬಿಯ ರಿಫಾಂಪಿಸಿನ್, ಫಿಟ್ಸ್‌ನ ಫೆನಿಟಾಯಿನ್ ಇಳಿಸುತ್ತವೆ. ನನ್ನ ಮಗನಿಗೆ ಎಂಟು ವರ್ಷವಾಗಿದ್ದಾಗ ಗಂಟಲು ಕೆಟ್ಟಿತೆಂದು ಮನೆ ಹತ್ತಿರದ ಕ್ಲಿನಿಕ್‌ಗೆ ಕರೆದೊಯ್ದೆ. ಅವನು ನುಂಗುತ್ತಿರುವ ಮಾತ್ರೆಯ ಹೆಸರು ಹೇಳಿದೆ. ಅವರು ಪುಸ್ತಕ ತೆರೆದು ನೋಡಲಿಲ್ಲ, ಕ್ಲಾರಿಥ್ರೋಮೈಸಿನ್ ಬರೆದರು. ಮೂರನೇ ದಿನ ಮನೆಕೆಲಸ ಬರೆಯುತ್ತಾ ಕೂತವನು "ಅಮ್ಮಾ, ಕೈ ನಿಲ್ತಿಲ್ಲ" ಅಂದ. 'ಶ' ಬರೆಯಲು ಹೋದರೆ ಗೆರೆಯೆಲ್ಲ ಗರಗಸದ ಹಲ್ಲಿನ ಹಾಗೆ. ಲೆವೆಲ್ ಮಾಡಿಸಿದರೆ ಇರಬೇಕಾದ ಮಿತಿಯ ಎರಡು ಪಟ್ಟಿಗಿಂತ ಮೇಲಿತ್ತು. ನಾಲ್ಕು ದಿನದಲ್ಲಿ ಸರಿಹೋಯಿತು, ನಮ್ಮ ಪುಣ್ಯ. ಆ ಪುಟ ಇವತ್ತಿಗೂ ಇಟ್ಟುಕೊಂಡಿದ್ದೇನೆ. ಅಂದಿನಿಂದ ಯಾವ ಹೊಸ ಔಷಧಿ ಬಂದರೂ ಮೊದಲು ಕಿಡ್ನಿ ಡಾಕ್ಟರಿಗೆ ಒಂದು ಮೆಸೇಜ್, ಆಮೇಲೆ ಮಗನ ಬಾಯಿಗೆ.

ಇನ್ನು ಚಕ್ಕೋತ. ದೇವನಹಳ್ಳಿ ಚಕ್ಕೋತ ನಮಗೆಲ್ಲ ಹೆಮ್ಮೆ, ಅಲ್ವಾ? ಆದರೆ ಟ್ಯಾಕ್ರೋಲಿಮಸ್ ಅಥವಾ ಸೈಕ್ಲೋಸ್ಪೋರಿನ್ ನುಂಗುವ ಮಗುವಿಗೆ ಅದು ಬೇಡ. ಗ್ರೇಪ್‌ಫ್ರೂಟ್ ಬೇಡ ಎಂದು ಔಷಧಿಯ ಜೊತೆಗಿನ ಚೀಟಿಯಲ್ಲಿರುತ್ತದೆ. ನಾವು ಗ್ರೇಪ್ ಅಂದರೆ ದ್ರಾಕ್ಷಿ ಎಂದುಕೊಂಡು ದ್ರಾಕ್ಷಿ ಬಿಡಿಸಿ, ಚಕ್ಕೋತ ಕೊಡುತ್ತೇವೆ. ಗ್ರೇಪ್‌ಫ್ರೂಟ್ ಚಕ್ಕೋತದ ಮರಿ. ಎರಡೂ ರಕ್ತದಲ್ಲಿ ಔಷಧಿಯ ಮಟ್ಟ ಏರಿಸುತ್ತವೆ. ದ್ರಾಕ್ಷಿ, ಮೂಸಂಬಿ ತೊಂದರೆಯಿಲ್ಲ. ಭೇದಿಯಾದಾಗಲೂ ಟ್ಯಾಕ್ರೋಲಿಮಸ್ ಮಟ್ಟ ಏರುತ್ತದೆ, ಆ ದಿನ ಫೋನ್ ಮಾಡಿ ಕೇಳಿ. ಅಂಗಡಿಯವರು ಬೇರೆ ಕಂಪನಿಯ ಮಾತ್ರೆ ಕೊಟ್ಟರೆ ಡಾಕ್ಟರಿಗೆ ತಿಳಿಸಿ. ಬ್ರ್ಯಾಂಡ್ ಬದಲಾದರೆ ಲೆವೆಲ್ ಇನ್ನೊಮ್ಮೆ ನೋಡಬೇಕಾಗಬಹುದು.

ರಿಟುಕ್ಸಿಮ್ಯಾಬ್

ಇದು ಮಾತ್ರೆಯಲ್ಲ, ಡ್ರಿಪ್. ಒಂದು ದಿನದ ಮಟ್ಟಿಗೆ ಆಸ್ಪತ್ರೆಗೆ ಸೇರಿ, ನಿಧಾನಕ್ಕೆ ಕೆಲವು ಗಂಟೆ ಏರಿಸುತ್ತಾರೆ. ಒಂದು ವಾರ ಬಿಟ್ಟು ಎರಡನೆಯದು. ರಕ್ತದ ಬಿ ಕಣಗಳನ್ನು, ಅಂದರೆ ಸೋಂಕಿನೊಡನೆ ಹೋರಾಡುವ ಒಂದು ಬಗೆಯ ಬಿಳಿಕಣಗಳನ್ನು, ಇದು ಅಳಿಸಿಹಾಕುತ್ತದೆ. ಆ ಕಣಗಳು ಮತ್ತೆ ಹುಟ್ಟಲು ಸುಮಾರು ಆರು ತಿಂಗಳು ಬೇಕು. ಅಲ್ಲಿಯವರೆಗೆ, ಎಷ್ಟೋ ಮಕ್ಕಳಲ್ಲಿ ಅದಕ್ಕಿಂತ ಜಾಸ್ತಿ ದಿನ, ಕಾಯಿಲೆ ಸುಮ್ಮನಿರುತ್ತದೆ.

ಬೆಲೆ ಒಂದು ಕಾಲಕ್ಕೆ ಕೇಳಲೇ ಭಯವಾಗುವಂತಿತ್ತು. 2007ರಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿ ಇದರ ದೇಶಿ ರೂಪವನ್ನು ರೆಡಿಟಕ್ಸ್ ಹೆಸರಲ್ಲಿ ತಂದಿತು. ಆಮೇಲೆ ಬೇರೆಯವರೂ ಬಂದರು. ಇವತ್ತಿಗೂ ಅಗ್ಗವಲ್ಲ. ಆದರೆ ಎರಡು ವರ್ಷದ ಟ್ಯಾಕ್ರೋಲಿಮಸ್, ಅದರ ಲೆವೆಲ್ ಪರೀಕ್ಷೆ, ಬಸ್ ಚಾರ್ಜು, ಕಳೆದುಹೋದ ಕೂಲಿ ಎಲ್ಲ ಕೂಡಿಸಿ ಪಕ್ಕದಲ್ಲಿಟ್ಟು ನೋಡಿ. ಅಂತರ ಅಂದುಕೊಂಡಷ್ಟು ಇರಲಿಕ್ಕಿಲ್ಲ.

ಸ್ಟೀರಾಯ್ಡ್ ಡಿಪೆಂಡೆಂಟ್ ಮಕ್ಕಳಲ್ಲಿ ಟ್ಯಾಕ್ರೋಲಿಮಸ್ ಮತ್ತು ರಿಟುಕ್ಸಿಮ್ಯಾಬ್ ಎದುರುಬದುರು ನಿಂತ ಪ್ರಯೋಗ ನಮ್ಮ ದೇಶದ್ದೇ, ಕೋಲ್ಕತ್ತದ್ದು. 120 ಮಕ್ಕಳು, ಫಲಿತಾಂಶ 2018ರಲ್ಲಿ. ಒಂದು ವರ್ಷ ಒಮ್ಮೆಯೂ ಮರುಕಳಿಸದೆ ಇದ್ದವರು ರಿಟುಕ್ಸಿಮ್ಯಾಬ್ ಗುಂಪಿನಲ್ಲಿ ನೂರಕ್ಕೆ 90, ಟ್ಯಾಕ್ರೋಲಿಮಸ್ ಗುಂಪಿನಲ್ಲಿ 63. ದೊಡ್ಡ ಅಂತರ ಇದು.

ಹಾಗಾದರೆ ಎಲ್ಲರಿಗೂ ಇದನ್ನೇ ಕೊಡಬಾರದೇಕೆ? ಬಿ ಕಣ ವಾಪಸ್ ಬಂದಾಗ ಕಾಯಿಲೆಯೂ ವಾಪಸ್ ಬರುವುದು ಸಾಮಾನ್ಯ, ಆಗ ಮತ್ತೆ ಡೋಸ್ ಬೇಕಾಗಬಹುದು. ಕೆಲವು ಮಕ್ಕಳಲ್ಲಿ ಸೋಂಕಿನೊಡನೆ ಹೋರಾಡುವ ಇಮ್ಯುನೊಗ್ಲೋಬ್ಯುಲಿನ್ ತುಂಬ ದಿನ ಕೆಳಗೇ ಉಳಿಯುತ್ತದೆ. ಚಿಕ್ಕ ಮಕ್ಕಳಲ್ಲಿ ಈ ಭಯ ಜಾಸ್ತಿ. ಹಾಗಾಗಿ ನಾಲ್ಕು ವರ್ಷದ ಮಗುವಿಗೆ ಡಾಕ್ಟರ್ ಹಿಂಜರಿದರೆ ಅದಕ್ಕೆ ಅರ್ಥವಿದೆ. ಡ್ರಿಪ್ ಹಾಕುವಾಗ ಜ್ವರ, ದದ್ದು, ಬಿಪಿ ಇಳಿಯುವುದು ಆಗಬಹುದು. ಮೊದಲೇ ಹೆಪಟೈಟಿಸ್ ಬಿ ಮತ್ತು ಟಿಬಿ ಪರೀಕ್ಷೆ ಆಗಬೇಕು. ಬಾಕಿ ಇರುವ ಲಸಿಕೆಗಳನ್ನೂ ಮುಂಚೆಯೇ ಹಾಕಿಸಬೇಕು, ಆಮೇಲೆ ಹಾಕಿದರೆ ಮೈ ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ.

ಇಷ್ಟೆಲ್ಲ ಹೊಗಳಿದ್ದು ಸ್ಟೀರಾಯ್ಡ್‌ಗೆ ಬಗ್ಗುವ ಮಕ್ಕಳ ಬಗ್ಗೆ. ಬಗ್ಗದ ಮಕ್ಕಳಲ್ಲಿ ಚಿತ್ರ ಬೇರೆ. ಇಟಲಿಯಲ್ಲಿ ರೆಸಿಸ್ಟೆಂಟ್ ಮಕ್ಕಳ ಮೇಲೆ ಮಾಡಿ 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ರಿಟುಕ್ಸಿಮ್ಯಾಬ್ ಪ್ರೋಟೀನ್ ಇಳಿಸಲಿಲ್ಲ. ವಾಟ್ಸ್ಆ್ಯಪ್ ಗುಂಪಿನಲ್ಲಿ "ನಮ್ಮ ಮಗುವಿಗೆ ಒಂದೇ ಡ್ರಿಪ್‌ಗೆ ಗುಣವಾಯಿತು" ಎಂದು ಯಾರಾದರೂ ಬರೆದರೆ, ಅವರ ಮಗು ಯಾವ ಗುಂಪಿನದು ಅಂತ ಮೊದಲು ಕೇಳಿ.

ಸ್ಟೀರಾಯ್ಡ್‌ಗೆ ಬಗ್ಗದ ಮಗು: ಔಷಧಿಗೆ ಮುಂಚೆ ಎರಡು ಪರೀಕ್ಷೆ

ನನ್ನ ಮಗನ ಪಕ್ಕದ ಬೆಡ್ಡುಗಳಲ್ಲಿ ಇಬ್ಬರು ಮಕ್ಕಳಿದ್ದರು. ಇಬ್ಬರೂ ಸ್ಟೀರಾಯ್ಡ್ ರೆಸಿಸ್ಟೆಂಟ್. ಇಬ್ಬರಿಗೂ ಟ್ಯಾಕ್ರೋಲಿಮಸ್ ಶುರು ಮಾಡಿದ್ದರು. ಹುಡುಗನಿಗೆ ಮೂರನೇ ತಿಂಗಳಿಗೆ ಬಾವು ಇಳಿದು, ಹಳೆಯ ಚಡ್ಡಿ ಸೊಂಟದಿಂದ ಜಾರುತ್ತಿತ್ತು. ಹುಡುಗಿಗೆ ಏನೂ ಆಗಲಿಲ್ಲ. ಆಮೇಲೆ ಅವಳ ಜೀನ್ ಪರೀಕ್ಷೆಯ ವರದಿ ಬಂತು. ಎನ್‌ಪಿಎಚ್‌ಎಸ್2 ಎಂಬ ಜೀನ್‌ನಲ್ಲಿ ದೋಷ. ಕಿಡ್ನಿಯ ಜರಡಿಯನ್ನು ನೇಯುವ ನೂಲೇ ಹುಟ್ಟಿನಿಂದ ಸರಿಯಿಲ್ಲ. ರೋಗನಿರೋಧಕ ಶಕ್ತಿಯನ್ನು ಎಷ್ಟು ತಗ್ಗಿಸಿದರೂ ಆ ನೂಲು ಸರಿಹೋಗುವುದಿಲ್ಲ. ಟ್ಯಾಕ್ರೋಲಿಮಸ್ ನಿಲ್ಲಿಸಿದರು. ಅವಳ ಅಮ್ಮ ಅತ್ತರು. ಆದರೆ ಅವತ್ತಿನಿಂದ ಆ ಮಗು ಬೇಡದ ಔಷಧಿಯ ಕಾಟದಿಂದ ಪಾರಾಯಿತು.

ಅದಕ್ಕೇ ಈ ಗುಂಪಿನಲ್ಲಿ ಬಯಾಪ್ಸಿ ಬೇಕು, ಸಾಧ್ಯವಿದ್ದರೆ ಜೀನ್ ಪರೀಕ್ಷೆಯೂ ಬೇಕು. ತೀರಾ ಚಿಕ್ಕ ವಯಸ್ಸಿಗೆ ಶುರುವಾಗಿದ್ದರೆ, ಮನೆತನದಲ್ಲಿ ಬೇರೆಯವರಿಗೆ ಇದ್ದರೆ, ಅಥವಾ ಹತ್ತಿರದ ಸಂಬಂಧದಲ್ಲಿ ಮದುವೆಯಾಗಿದ್ದರೆ ಜೀನ್ ಪರೀಕ್ಷೆಗೆ ಮೊದಲ ಸಾಲಿನ ಜಾಗ. ಸೋದರಮಾವನ ಜೊತೆ, ಅತ್ತೆ ಮಗನ ಜೊತೆ ಮದುವೆ ನಮ್ಮ ಕಡೆ ಬಹಳ. ಡಾಕ್ಟರ್ ಕೇಳಿದಾಗ ಮುಚ್ಚಿಡಬೇಡಿ. ಅಲ್ಲಿ ಯಾರನ್ನೂ ದೂರಲು ಕೇಳುವುದಿಲ್ಲ. ಇನ್ನೊಂದು ಲಾಭ: ಮುಂದೆಂದಾದರೂ ಕಿಡ್ನಿ ಕಸಿ ಬೇಕಾದರೆ, ಜೀನ್‌ನಿಂದ ಬಂದ ಕಾಯಿಲೆ ಹೊಸ ಕಿಡ್ನಿಗೆ ಮರಳುವುದು ಅಪರೂಪ. ಜೀನ್ ಕಾರಣವಲ್ಲದ ಎಫ್‌ಎಸ್‌ಜಿಎಸ್ (ಕಿಡ್ನಿಯ ಜರಡಿಯಲ್ಲಿ ಅಲ್ಲಲ್ಲಿ ಕಲೆಗಟ್ಟಿದ್ದು ಬಯಾಪ್ಸಿಯಲ್ಲಿ ಕಾಣುವ ಬಗೆ) ಮರಳುವ ಸಾಧ್ಯತೆ ಜಾಸ್ತಿ.

ಜೀನ್ ದೋಷ ಇಲ್ಲದಿದ್ದರೆ ಮೊದಲ ಆಯ್ಕೆ ಟ್ಯಾಕ್ರೋಲಿಮಸ್ ಅಥವಾ ಸೈಕ್ಲೋಸ್ಪೋರಿನ್, ಜೊತೆಗೆ ದಿನ ಬಿಟ್ಟು ದಿನ ಇಳಿಸುತ್ತಾ ಹೋಗುವ ಸ್ಟೀರಾಯ್ಡ್, ಪ್ರೋಟೀನ್ ಇಳಿಸುವ ಎನಾಲಾಪ್ರಿಲ್. ಹಳೆಯ ರೂಢಿಯಲ್ಲಿ ತಿಂಗಳಿಗೊಮ್ಮೆ ಸೈಕ್ಲೋಫಾಸ್ಫಮೈಡ್ ಡ್ರಿಪ್ ಕೊಡುತ್ತಿದ್ದರು. ಭಾರತದ ಹಲವು ಆಸ್ಪತ್ರೆಗಳು ಸೇರಿ 131 ಮಕ್ಕಳಲ್ಲಿ ಎರಡನ್ನೂ ಹೋಲಿಸಿ 2012ರಲ್ಲಿ ಪ್ರಕಟಿಸಿದವು. ಆರು ತಿಂಗಳಿಗೆ ಟ್ಯಾಕ್ರೋಲಿಮಸ್‌ಗೆ ಬಗ್ಗಿದವರು ನೂರಕ್ಕೆ 82, ಸೈಕ್ಲೋಫಾಸ್ಫಮೈಡ್‌ಗೆ 46. ದುಡ್ಡಿನ ತೊಂದರೆಯಿಂದ ಡ್ರಿಪ್ ಕಡೆ ಹೋಗುವ ಮುಂಚೆ ಈ ಅಂಕಿ ನೆನಪಿಟ್ಟು, ಟ್ಯಾಕ್ರೋಲಿಮಸ್‌ಗೆ ನೆರವು ಎಲ್ಲಿ ಸಿಗಬಹುದು ಅಂತ ಕೇಳಿ.

ಗುಣ ಕಂಡ ಮೇಲೆ ಟ್ಯಾಕ್ರೋಲಿಮಸ್ ಬಿಟ್ಟು, ಕಿಡ್ನಿಗೆ ಮೃದುವಾದ ಎಂಎಂಎಫ್‌ಗೆ ಹೋಗೋಣ ಎಂದು ಅನ್ನಿಸುವುದು ಸಹಜ. ನನಗೂ ಅನ್ನಿಸಿತ್ತು. ಆದರೆ ಏಮ್ಸ್‌ನ 60 ಮಕ್ಕಳ ಪ್ರಯೋಗದಲ್ಲಿ ಆರು ತಿಂಗಳಿಗೇ ಹಾಗೆ ಬದಲಿಸಿದವರಲ್ಲಿ ಒಳ್ಳೆಯ ಫಲ ಕಂಡವರು ನೂರಕ್ಕೆ 45, ಟ್ಯಾಕ್ರೋಲಿಮಸ್‌ನಲ್ಲೇ ಉಳಿದವರಲ್ಲಿ 90. ಆತುರ ಬೇಡ. ಫಲ ಕೊಟ್ಟರೆ ಕನಿಷ್ಠ ಎರಡು ವರ್ಷ ಮುಂದುವರಿಸುವುದು ಈಗಿನ ರೂಢಿ. ಆರು ತಿಂಗಳು ಸರಿಯಾದ ಲೆವೆಲ್‌ನಲ್ಲಿ ಕೊಟ್ಟೂ ಸ್ವಲ್ಪವೂ ಬಗ್ಗದಿದ್ದರೆ, ಮುಂದುವರಿಸುವುದರಲ್ಲಿ ಅರ್ಥವಿದೆಯಾ ಎಂದು ನೀವೇ ಕೇಳಬೇಕು.

ನಿಮ್ಮ ಮನೆಗೆ ಯಾವುದು ಹೊಂದುತ್ತದೆ?

ಡಾಕ್ಟರ್ ಎದುರು ಎರಡು ಔಷಧಿ ಇಟ್ಟಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇದರ ಕಾವಲು ನಮ್ಮಿಂದ ಆಗುತ್ತದಾ? ಲೆವೆಲ್ ಪರೀಕ್ಷೆ ಇಲ್ಲದ ಊರಲ್ಲಿ, ಮೂರು ತಿಂಗಳಿಗೊಮ್ಮೆಯೂ ಬರಲಾಗದ ಮನೆಯಲ್ಲಿ ಟ್ಯಾಕ್ರೋಲಿಮಸ್ ಇಟ್ಟುಕೊಳ್ಳುವುದು ಬ್ರೇಕ್ ನೋಡದೆ ಗಾಡಿ ಓಡಿಸಿದ ಹಾಗೆ. ಅಂಥ ಮನೆಯ ಸ್ಟೀರಾಯ್ಡ್ ಡಿಪೆಂಡೆಂಟ್ ಮಗುವಿಗೆ ಏಳೆಂಟು ವರ್ಷ ದಾಟಿದ್ದರೆ, ಒಂದೆರಡು ದಿನ ಸೇರಿಸಿ ರಿಟುಕ್ಸಿಮ್ಯಾಬ್ ಕೊಡಿಸುವುದೇ ಸುರಕ್ಷಿತ ಅನ್ನಿಸಬಹುದು. ಆದರೆ ಜ್ವರ ಬಂದರೆ ಅದೇ ದಿನ ತೋರಿಸುವ ಆಸ್ಪತ್ರೆ ಹತ್ತಿರ ಇರಬೇಕು. ಬೆಂಗಳೂರಿನ ಸೇಂಟ್ ಜಾನ್ಸ್ ಆಸ್ಪತ್ರೆಯಲ್ಲಿ ಮಕ್ಕಳ ಕಿಡ್ನಿಗೇ ಬೇರೆ ವಿಭಾಗವಿದೆ. ದೂರದವರು ಅಂಥ ಕಡೆ ವರ್ಷಕ್ಕೆರಡು ಸಲ ತೋರಿಸಿ, ನಡುವೆ ತಮ್ಮ ಊರಿನ ಮಕ್ಕಳ ಡಾಕ್ಟರ ಹತ್ತಿರ ಬಿಪಿ, ಎತ್ತರ, ರಕ್ತ ನೋಡಿಸಬಹುದೇ ಎಂದು ಕೇಳಿ ನೋಡಿ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಏನು ಸಿಗುತ್ತದೆ ಅಂತ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ವಿಚಾರಿಸಿ.

ನನ್ನ ಮಗನ ದಾರಿ ಹೀಗಿತ್ತು. ಲೆವಮಿಸೋಲ್ ಒಂದು ವರ್ಷ, ರಿಲ್ಯಾಪ್ಸ್ ಐದರಿಂದ ಮೂರಕ್ಕೆ ಇಳಿಯಿತು, ಸಾಲಲಿಲ್ಲ. ಎಂಎಂಎಫ್ ಹೊಟ್ಟೆಗೆ ಒಗ್ಗಲಿಲ್ಲ. ಟ್ಯಾಕ್ರೋಲಿಮಸ್ ಎರಡು ವರ್ಷ ಹಿಡಿದು ನಿಲ್ಲಿಸಿತು. ಈಗ ಔಷಧಿ ಬಿಟ್ಟು ಒಂದೂವರೆ ವರ್ಷ. ಇದು ಅವನ ದಾರಿ, ನಿಮ್ಮ ಮಗುವಿನದ್ದು ಬೇರೆ ಇರಬಹುದು.

ಯಾವ ಔಷಧಿಯಾದರೂ ಬದಲಾಗದ ಕೆಲವು

ಸ್ಟೀರಾಯ್ಡನ್ನು ಒಮ್ಮೆಲೇ ನಿಲ್ಲಿಸಬೇಡಿ. ಮೈ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಮರೆತಿರುತ್ತದೆ. ನೆರೆಮನೆಯ ಮಗುವಿಗೆ ಸಿಡುಬಿನಂಥ ಗುಳ್ಳೆ, ಅಂದರೆ ಚಿಕನ್‌ಪಾಕ್ಸ್ ಬಂದು, ನಿಮ್ಮ ಮಗು ಅದರ ಜೊತೆ ಆಡಿದ್ದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ನ್ಯೂಮೋಕಾಕಲ್ ಲಸಿಕೆ ಬಿಡಬೇಡಿ. ಜೀವಂತ ವೈರಸ್ ಇರುವ ಲಸಿಕೆಗಳನ್ನು ಕೇಳದೆ ಹಾಕಿಸಬೇಡಿ. ವಾಂತಿ ಭೇದಿ ಇರುವ ದಿನ ಎನಾಲಾಪ್ರಿಲ್ ನಿಲ್ಲಿಸಬೇಕೇ ಎಂದು ಫೋನ್ ಮಾಡಿ ಕೇಳಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬಾವಿರುವಾಗ ಬೇಡ.

ಜ್ವರದ ಜೊತೆ ಹೊಟ್ಟೆನೋವು, ಉಸಿರಾಟಕ್ಕೆ ಕಷ್ಟ, ಒಂದು ಕಾಲು ಮಾತ್ರ ಊದಿ ನೋಯುವುದು, ವಾಂತಿಯೊಡನೆ ಜೋರು ತಲೆನೋವು, ಮೂತ್ರ ತೀರಾ ಕಡಿಮೆ – ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. ರಾತ್ರಿಯೇ ಹೊರಡಿ.

ಹೊರಡುವಾಗ ಬೆಳಗಿನ ಮೂತ್ರ ಪರೀಕ್ಷೆಯ ಲೆಕ್ಕ ದಿನವೂ ಬರೆದಿಡುವ ಪುಸ್ತಕ ಬ್ಯಾಗಿಗೆ ಹಾಕಿಕೊಳ್ಳಿ. ನಮ್ಮ ಪುಸ್ತಕದ ಮೊದಲ ಪುಟದಲ್ಲಿ ಮಗನ ತೂಕ, ಎತ್ತರ, ಈಗಿನ ಔಷಧಿಗಳ ಹೆಸರು ಮತ್ತು ಡೋಸ್, ಹಾಕಿಸಿದ ಲಸಿಕೆಗಳ ತಾರೀಕು, ಕಿಡ್ನಿ ಡಾಕ್ಟರ ನಂಬರ್ ಇದ್ದವು. ಕೆಳಗೆ ಕೆಂಪು ಪೆನ್ನಿನಲ್ಲಿ, ಅವನೇ ಬರೆದಿದ್ದ ಒಂದು ಸಾಲು: "ಕ್ಲಾರಿಥ್ರೋಮೈಸಿನ್ ಕೊಡಬೇಡಿ."